ಎರಡು ಗಳಿಗೆಯ ಸಾಮಾಯಿಕ: ಗೃಹಸ್ಥರಿಗೊಂದು ಮಾರ್ಗದರ್ಶಿ

ಕನ್ನಡದಲ್ಲಿ ಸಮಯ ಎಂದರೆ ಹೊತ್ತು. ಜೈನ ಆಗಮದ ಪರಿಭಾಷೆಯಲ್ಲಿ ಅದೇ ಮಾತಿಗೆ ಆತ್ಮ ಎಂಬ ಅರ್ಥವೂ ಇದೆ. ದಿನದ ವ್ಯವಹಾರದಿಂದ ಒಂದಿಷ್ಟು ಹೊತ್ತನ್ನು ಬಿಡಿಸಿಕೊಂಡು, ರಾಗದ್ವೇಷಗಳನ್ನು ಬದಿಗಿಟ್ಟು, ಸಮಭಾವದಿಂದ ತನ್ನ ಆತ್ಮದಲ್ಲಿ ನೆಲೆಸುವ ಅಭ್ಯಾಸಕ್ಕೆ ಸಾಮಾಯಿಕ ಎಂದು ಹೆಸರು. ಗೃಹಸ್ಥರಿಗೆ ಹೇಳಿರುವ ಹನ್ನೆರಡು ವ್ರತಗಳಲ್ಲಿ ಇದು ಶಿಕ್ಷಾವ್ರತಗಳ ಸಾಲಿಗೆ ಸೇರಿದೆ. ಇಲ್ಲಿ ಶಿಕ್ಷೆ ಎಂಬುದು ದಂಡನೆಯಲ್ಲ, ಕಲಿಕೆ. ಮನೆ, ಮಕ್ಕಳು, ಗದ್ದೆ, ಅಂಗಡಿ ಎಲ್ಲವೂ ಇರುವವರು ಮುನಿಗಳ ಸಮಭಾವವನ್ನು ಎರಡು ಗಳಿಗೆಯ ಮಟ್ಟಿಗೆ ಕಲಿಯುವ ಪಾಠವಿದು.

ನಾನು ಇದನ್ನು ಅಜ್ಜಿಯಿಂದ ಕಲಿತೆ, ಬಹುಕಾಲ ಬಿಟ್ಟೆ, ನಡುವಯಸ್ಸಿನಲ್ಲಿ ಮತ್ತೆ ಹಿಡಿದೆ. ದಿಗಂಬರ ಸಂಪ್ರದಾಯದ ಮನೆಗಳಲ್ಲಿ ನಡೆದುಬಂದಿರುವ ಕ್ರಮವನ್ನೇ ಇಲ್ಲಿ ವಿವರಿಸುತ್ತೇನೆ. ಶ್ವೇತಾಂಬರರಲ್ಲಿ ಪಾಠಗಳೂ ಉಪಕರಣಗಳೂ ಬೇರೆ, ಆದರೆ ಅವರ ಸಾಮಾಯಿಕದ ಅವಧಿಯೂ 48 ನಿಮಿಷವೇ. ಜೈನರಲ್ಲದವರೂ ಈ ಕ್ರಮವನ್ನು ಅನುಸರಿಸಬಹುದು. ಆತ್ಮವಿದೆ ಎಂಬ ಶ್ರದ್ಧೆಯೂ, ತನ್ನ ದಿನವನ್ನು ತಾನೇ ಒರೆಗೆ ಹಚ್ಚಿ ನೋಡುವ ಧೈರ್ಯವೂ ಇದ್ದರೆ ಸಾಕು.

ಕೂರುವ ಮುನ್ನ: ಯಾವ ಆತ್ಮದ ಮಾತು?

ಇದನ್ನು ಮೊದಲೇ ಸ್ಪಷ್ಟಮಾಡಿಕೊಳ್ಳದೆ ಕುಳಿತರೆ ಮನಸ್ಸು ಏನೇನನ್ನೋ ಹುಡುಕತೊಡಗುತ್ತದೆ. ಜೈನ ಸಿದ್ಧಾಂತದಲ್ಲಿ ಜೀವದ ಲಕ್ಷಣ ಉಪಯೋಗ, ಅಂದರೆ ಅರಿಯುವುದು ಮತ್ತು ಕಾಣುವುದು. ದೇಹ ಪುದ್ಗಲ, ಅಂದರೆ ಜಡದ್ರವ್ಯ. ಕರ್ಮವೂ ಪುದ್ಗಲವೇ. ಹಣೆಬರಹ ಎಂಬ ಅರ್ಥದಲ್ಲಿ ನಾವು ಕರ್ಮ ಎನ್ನುತ್ತೇವಲ್ಲ, ಇಲ್ಲಿ ಅದು ಆ ಅರ್ಥದ ಮಾತಲ್ಲ. ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳ ಜಿಡ್ಡಿನಿಂದಾಗಿ, ಎಣ್ಣೆ ಹಚ್ಚಿದ ಮೈಗೆ ಧೂಳು ಮೆತ್ತುವಂತೆ ಆತ್ಮಕ್ಕೆ ಮೆತ್ತುವ ಅತಿಸೂಕ್ಷ್ಮ ದ್ರವ್ಯ ಅದು. ದೇಹವೇ ತಾನೆಂದು ತಿಳಿದವನು ಬಹಿರಾತ್ಮ, ದೇಹದಿಂದ ಬೇರೆಯಾದ ಅರಿವೇ ತಾನೆಂದು ತಿಳಿದವನು ಅಂತರಾತ್ಮ, ಮಲವೆಲ್ಲ ಕಳೆದವನು ಪರಮಾತ್ಮ. ಮೂರೂ ಒಂದೇ ಜೀವದ್ರವ್ಯದ ಮೂರು ಸ್ಥಿತಿಗಳು. ಆದ್ದರಿಂದ ಸಾಮಾಯಿಕದಲ್ಲಿ ಯಾರಿಂದಲೂ ಏನನ್ನೂ ಬೇಡುವುದಿಲ್ಲ. ಜಿನನಿಗೆ ನಮಸ್ಕರಿಸುವುದು ಆ ಗುಣಗಳು ನಮ್ಮಲ್ಲಿಯೂ ಮೂಡಲಿ ಎಂದು.

ಕುಳಿತಾಗ ಬೆಳಕು ಕಂಡಿತೇ, ನಾದ ಕೇಳಿಸಿತೇ ಎಂದು ವಿಚಾರಿಸುವವರಿದ್ದಾರೆ. ಕಂಡ ಬೆಳಕು ಆತ್ಮವಲ್ಲ, ಅದನ್ನು ಅರಿತದ್ದು ಆತ್ಮ. ಮೊಣಕಾಲು ನೋಯುತ್ತಿದ್ದರೆ ನೋವನ್ನು ಅರಿಯುತ್ತಿರುವುದೂ ಅದೇ. ಎಲ್ಲೋ ದೂರದಲ್ಲಿರುವ ವಸ್ತುವಿನ ಬಳಿಗೆ ಹೋಗಬೇಕಾದ ಪ್ರಯಾಣವಿದಲ್ಲ ಎಂಬುದು ಮನವರಿಕೆಯಾದರೆ ಮುಂದಿನ ಹೆಜ್ಜೆಗಳೆಲ್ಲ ಸುಲಭ.

ಮೊದಲ ಹೆಜ್ಜೆ: ಹೊತ್ತು ಮತ್ತು ಜಾಗ

ಒಂದು ಗಳಿಗೆಗೆ 24 ನಿಮಿಷ. ಕನಿಷ್ಠ ಸಾಮಾಯಿಕಕ್ಕೆ ಎರಡು ಗಳಿಗೆ, ಅಂದರೆ ಒಂದು ಮುಹೂರ್ತ. ಮಧ್ಯಮಕ್ಕೆ ನಾಲ್ಕು, ಉತ್ತಮಕ್ಕೆ ಆರು ಗಳಿಗೆ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಈ ಮೂರು ಸಂಧ್ಯಾಕಾಲಗಳೂ ಇದಕ್ಕೆ ವಿಹಿತವಾದವು, ಆದರೆ ಹೊಸಬರು ಒಂದನ್ನೇ ಆರಿಸಿಕೊಂಡು ಅದನ್ನು ತಪ್ಪದೆ ನಡೆಸುವುದು ಮೇಲು. ಸಂಜೆಯ ಊಟವನ್ನು ಸೂರ್ಯಾಸ್ತಕ್ಕೆ ಮುನ್ನವೇ ಮುಗಿಸುವ ಮನೆಗಳಲ್ಲಿ ಊಟದ ಗದ್ದಲವೆಲ್ಲ ಬೇಗ ಕಳೆದು ಸಂಜೆಯ ಹೊತ್ತು ತಾನಾಗಿ ತೆರವಾಗಿರುತ್ತದೆ. ಪೇಟೆಯ ನೌಕರಿಯವರಿಗೆ ಅದು ಕಷ್ಟ. ಅವರು ಸೂರ್ಯೋದಯಕ್ಕೆ ಮುಂಚಿನ ಹೊತ್ತನ್ನೇ ಹಿಡಿಯಲಿ.

ಜಾಗ ಬಸದಿಯೇ ಆಗಬೇಕೆಂದಿಲ್ಲ. ಗದ್ದಲವಿಲ್ಲದ, ಇರುವೆ ಮತ್ತು ಸೊಳ್ಳೆಗಳ ಕಾಟವಿಲ್ಲದ ಒಂದು ಮೂಲೆ ಸಾಕು. ಚಾಪೆ ಹಾಸುವ ಮುನ್ನ ನೆಲವನ್ನು ಮೆತ್ತನೆಯ ಬಟ್ಟೆಯಿಂದ ಹಗುರವಾಗಿ ಒರೆಸಿ, ಹುಳುಹುಪ್ಪಟೆ ಇಲ್ಲವೆಂದು ಕಣ್ಣಾರೆ ನೋಡಿಕೊಳ್ಳಬೇಕು. ಎಲ್ಲ ಜೀವಗಳಲ್ಲಿಯೂ ಸಮಭಾವ ಎಂದು ಹೇಳಲು ಹೊರಟವರು ಒಂದು ಇರುವೆಯ ಮೇಲೆ ಕುಳಿತು ಅದನ್ನು ಹೇಳಲಾಗದು. ಉಡುಪು ಶುಭ್ರವಾಗಿ, ಸರಳವಾಗಿ, ಸಡಿಲವಾಗಿರಲಿ. ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು, ಅವಧಿ ತಿಳಿಯಲು ಗೋಡೆ ಗಡಿಯಾರವನ್ನು ಇಟ್ಟುಕೊಳ್ಳಿ, ಆದರೆ ಅದಕ್ಕೆ ಎದುರಾಗಿ ಕೂರಬೇಡಿ. ಮೊದಲ ತಿಂಗಳೆಲ್ಲ ನಾನು ಮಾಡಿದ್ದು ಗಡಿಯಾರದ ಮುಳ್ಳಿನ ಧ್ಯಾನ.

ಎರಡನೆಯ ಹೆಜ್ಜೆ: ಸಂಕಲ್ಪ

ಪೂರ್ವಕ್ಕೋ ಉತ್ತರಕ್ಕೋ ಮುಖಮಾಡಿ ನಿಂತು, ಕೈಮುಗಿದು, ಕೇಳಿಸುವಂತೆ ಹೇಳಿಕೊಳ್ಳಿ: ಇಷ್ಟು ಹೊತ್ತಿನವರೆಗೆ ಮನ, ವಚನ, ಕಾಯಗಳಿಂದ ಯಾವ ಪಾಪವನ್ನೂ ಮಾಡುವುದಿಲ್ಲ, ಮಾಡಿಸುವುದಿಲ್ಲ, ಮಾಡಿದವರನ್ನು ಅನುಮೋದಿಸುವುದಿಲ್ಲ, ಈ ಜಾಗವನ್ನು ಬಿಟ್ಟು ಕದಲುವುದಿಲ್ಲ, ಮೈಮೇಲಿರುವ ಬಟ್ಟೆ ಮತ್ತು ಈ ಚಾಪೆಯ ಹೊರತು ಈ ಹೊತ್ತಿನಲ್ಲಿ ನನ್ನದೆಂಬುದು ಏನೂ ಇಲ್ಲ. ಕೊನೆಯ ಮಾತನ್ನು ಬಾಯಿಪಾಠದಂತೆ ದಾಟಿಸಬೇಡಿ. ಬ್ಯಾಂಕಿನ ಲೆಕ್ಕ, ಮಗಳ ಮದುವೆ, ಕೊಟ್ಟಿಗೆಯ ಸೋರುವ ಮಾಡು ಇವೆಲ್ಲವೂ ಎರಡು ಗಳಿಗೆ ನನ್ನವಲ್ಲ ಎಂದು ಒಂದೊಂದನ್ನೂ ನೆನೆದು ಕೆಳಗಿಳಿಸಿದರೆ ಆಗುವ ಹಗುರವೇ ಬೇರೆ.

ಮೂರನೆಯ ಹೆಜ್ಜೆ: ನಾಲ್ಕು ದಿಕ್ಕುಗಳ ವಂದನೆ ಮತ್ತು ಕಾಯೋತ್ಸರ್ಗ

ಹಾಗೆಯೇ ನಿಂತು ಒಂಬತ್ತು ಬಾರಿ ಣಮೋಕಾರ ಮಂತ್ರವನ್ನು ಮನಸ್ಸಿನಲ್ಲಿ ಹೇಳಿಕೊಳ್ಳುವುದಕ್ಕೆ ಒಂದು ಕಾಯೋತ್ಸರ್ಗ ಎನ್ನುತ್ತಾರೆ. ಐದು ಪದಗಳ, ಮೂವತ್ತೈದು ಅಕ್ಷರಗಳ ಈ ಮಂತ್ರವನ್ನು ಮೂರು ಉಸಿರಿಗೆ ಹಂಚುವ ಕ್ರಮ ಹೀಗಿದೆ: ಉಸಿರು ಒಳಗೆ ಬರುವಾಗ ‘ಣಮೋ ಅರಿಹಂತಾಣಂ’, ಹೊರಹೋಗುವಾಗ ‘ಣಮೋ ಸಿದ್ಧಾಣಂ’; ಎರಡನೆಯ ಉಸಿರಿಗೆ ‘ಣಮೋ ಆಇರಿಯಾಣಂ’ ಮತ್ತು ‘ಣಮೋ ಉವಜ್ಝಾಯಾಣಂ’; ಮೂರನೆಯದಕ್ಕೆ ಒಳಗೆ ‘ಣಮೋ ಲೋಏ’, ಹೊರಗೆ ‘ಸವ್ವಸಾಹೂಣಂ’. ಒಂಬತ್ತು ಮಂತ್ರಕ್ಕೆ 27 ಉಸಿರು. ಉಸಿರನ್ನು ಎಳೆಯಬೇಡಿ, ಹಿಡಿಯಬೇಡಿ. ಅದು ತನ್ನ ಪಾಡಿಗೆ ಬಂದುಹೋಗುವಾಗ ಮಂತ್ರ ಅದರ ಜೊತೆ ಸಾಗಲಿ.

ಬಳಿಕ ಮುಗಿದ ಕೈಗಳನ್ನು ಎಡದಿಂದ ಬಲಕ್ಕೆ ಮೂರು ಸುತ್ತು ತಿರುಗಿಸಿ (ಇದು ಆವರ್ತ), ತಲೆಬಾಗಿ ಒಮ್ಮೆ ವಂದಿಸಿ (ಇದು ಶಿರೋನತಿ), ಆ ದಿಕ್ಕಿನಲ್ಲಿರುವ ಪಂಚಪರಮೇಷ್ಠಿಗಳಿಗೆ (ಮಂತ್ರದಲ್ಲಿ ಹೇಳಿದ ಅರಿಹಂತ, ಸಿದ್ಧ, ಆಚಾರ್ಯ, ಉಪಾಧ್ಯಾಯ, ಸಾಧುಗಳಿಗೆ), ಜಿನಾಲಯಗಳಿಗೆ ನಮಿಸಬೇಕು. ಪ್ರದಕ್ಷಿಣೆಯಾಗಿ ತಿರುಗುತ್ತ ಉಳಿದ ಮೂರು ದಿಕ್ಕುಗಳಿಗೂ ಹೀಗೆಯೇ ಮಾಡಿದರೆ ಹನ್ನೆರಡು ಆವರ್ತ, ನಾಲ್ಕು ಶಿರೋನತಿಗಳಾಗುತ್ತವೆ. ಪ್ರತಿ ದಿಕ್ಕಿಗೂ ಒಂಬತ್ತು ಬಾರಿ ಹೇಳಲು ಆಗದವರು ಮೂರು ಬಾರಿ ಹೇಳುವ ರೂಢಿಯೂ ಉಂಟು.

ಕಾಯೋತ್ಸರ್ಗವೆಂದರೆ ದೇಹದ ಮೇಲಿನ ಮಮಕಾರವನ್ನು ಬಿಡುವುದು. ಅದು ಹೇಗಿರುತ್ತದೆಂದು ನೋಡಬೇಕಾದರೆ ಕನ್ನಡಿಗರಿಗೆ ದೂರ ಹೋಗಬೇಕಾಗಿಲ್ಲ. ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ 981ರಲ್ಲಿ ಚಾವುಂಡರಾಯ ನಿಲ್ಲಿಸಿದ ಸುಮಾರು 58 ಅಡಿಯ ಬಾಹುಬಲಿ, ಕಾರ್ಕಳದಲ್ಲಿ 1432ರಲ್ಲಿ, ವೇಣೂರಿನಲ್ಲಿ 1604ರಲ್ಲಿ ಪ್ರತಿಷ್ಠೆಯಾದ ಬಾಹುಬಲಿಗಳು, ಎಲ್ಲರೂ ನಿಂತಿರುವುದು ಇದೇ ಭಂಗಿಯಲ್ಲಿ. ಮುಂದಿನ ಸಲ ಹೋದಾಗ ಕೈಗಳನ್ನು ನೋಡಿ: ಅವು ನೀಳವಾಗಿ ಇಳಿಬಿದ್ದಿವೆ, ಮುಷ್ಟಿಯಿಲ್ಲ, ಸೆಟೆತವಿಲ್ಲ. ಕಾಲಬುಡದಲ್ಲಿ ಹುತ್ತ, ತೊಡೆ ತೋಳುಗಳಿಗೆ ಹಬ್ಬಿದ ಬಳ್ಳಿ. ಬಳ್ಳಿ ಹಬ್ಬಿದ್ದು ಅವನಿಗೆ ತಿಳಿಯಲಿಲ್ಲ ಎಂದು ನಾನು ಭಾವಿಸುವುದಿಲ್ಲ. ತಿಳಿದಿತ್ತು, ಆದರೆ ಅದು ತನ್ನ ಮೇಲೆ ಹಬ್ಬಿತೆಂದು ಅವನಿಗೆ ಅನ್ನಿಸಲಿಲ್ಲ.

ಪಾದಗಳ ನಡುವೆ ನಾಲ್ಕು ಅಂಗುಲ ಅಂತರವಿಟ್ಟು, ದೃಷ್ಟಿಯನ್ನು ಮೂಗಿನ ತುದಿಯತ್ತ ಇಳಿಸಿ ನಿಲ್ಲಿ. ಕಾಯೋತ್ಸರ್ಗದ ದೋಷಗಳನ್ನು ಹಿಂದಿನ ಆಚಾರ್ಯರು ಬಹಳ ಸೂಕ್ಷ್ಮವಾಗಿ ಗುರುತಿಸಿ ಒಂದೊಂದಕ್ಕೂ ಹೆಸರಿಟ್ಟಿದ್ದಾರೆ: ಕುದುರೆಯಂತೆ ಒಂದು ಕಾಲನ್ನು ಸಡಿಲಿಸಿ ನಿಲ್ಲುವುದು ಘೋಟಕ ದೋಷ, ಬಳ್ಳಿಯಂತೆ ಓಲಾಡುವುದು ಲತಾ ದೋಷ, ಗೋಡೆಗೆ ಒರಗುವುದು ಕುಡ್ಯ ದೋಷ, ಕಾಗೆಯಂತೆ ಅತ್ತಿತ್ತ ಕಣ್ಣು ಹೊರಳಿಸುವುದು ವಾಯಸ ದೋಷ. ನಿಲ್ಲಲಾಗದ ವೃದ್ಧರು, ರೋಗಿಗಳು ಕುಳಿತೇ ಮಾಡಬಹುದು. ಕುರ್ಚಿಯಲ್ಲಿ ಕುಳಿತರೂ ಅಡ್ಡಿಯಿಲ್ಲ.

ನಾಲ್ಕನೆಯ ಹೆಜ್ಜೆ: ಪ್ರತಿಕ್ರಮಣ

ಈಗ ಚಾಪೆಯ ಮೇಲೆ ಪದ್ಮಾಸನದಲ್ಲೋ ಸುಖಾಸನದಲ್ಲೋ ಬೆನ್ನು ನೆಟ್ಟಗಿರಿಸಿ ಕುಳಿತುಕೊಳ್ಳಿ. ಪ್ರತಿಕ್ರಮಣವೆಂದರೆ ಹಿಂದಿರುಗುವುದು, ದಿನವಿಡೀ ತನ್ನಿಂದ ಆಚೆ ಹೋದವನು ಹೋದ ದಾರಿಯಲ್ಲಿಯೇ ಹೆಜ್ಜೆ ಗುರುತಿಸಿಕೊಂಡು ಮರಳಿ ಬರುವುದು. ಹೆಚ್ಚಿನವರು ಅವಸರದಲ್ಲಿ ಮುಗಿಸುವುದು ಇದನ್ನೇ, ನಾನಾದರೋ ಹೆಚ್ಚು ಹೊತ್ತು ಕೊಡಬೇಕಾದದ್ದೂ ಇದಕ್ಕೇ ಎನ್ನುತ್ತೇನೆ.

ಜಪಮಾಲೆಯ 108 ಮಣಿಗಳನ್ನು ಎಣಿಸಿದವರಲ್ಲಿ ಅಷ್ಟೇ ಏಕೆಂದು ಕೇಳಿದವರು ಕಡಿಮೆ. ನಮ್ಮಲ್ಲಿ ಅದಕ್ಕೊಂದು ಲೆಕ್ಕವಿದೆ. ಯಾವುದೇ ಪಾಪಕ್ಕೆ ಮೂರು ಘಟ್ಟಗಳು: ಮಾಡಬೇಕೆಂದು ನಿಶ್ಚಯಿಸುವುದು ಸಂರಂಭ, ಅದಕ್ಕೆ ಬೇಕಾದ್ದನ್ನು ಕೂಡಿಸುವುದು ಸಮಾರಂಭ, ಕೈಹಚ್ಚುವುದು ಆರಂಭ. ಈ ಮೂರೂ ಮನ, ವಚನ, ಕಾಯ ಎಂಬ ಮೂರು ಬಾಗಿಲುಗಳಿಂದ ಆಗುತ್ತವೆ. ತಾನೇ ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು ಎಂದು ಮತ್ತೆ ಮೂರು ಬಗೆ. ಹಿಂದೆ ನಿಂತು ನೂಕುವ ಕಷಾಯಗಳು ನಾಲ್ಕು. ಮೂರನ್ನು ಮೂರರಿಂದ, ಮತ್ತೆ ಮೂರರಿಂದ, ಕೊನೆಗೆ ನಾಲ್ಕರಿಂದ ಗುಣಿಸಿದರೆ 108. ಕರ್ಮ ಒಳಬರುವ ಅಷ್ಟೂ ದಾರಿಗಳನ್ನು ನೆನಪಿಸುವುದಕ್ಕಾಗಿ ಅಷ್ಟು ಮಣಿಗಳು.

ಈ ಲೆಕ್ಕ ನನ್ನ ಪಾಲಿಗೆ ಸೂತ್ರವಾಗಿ ಉಳಿಯದೆ ಕನ್ನಡಿಯಾದ ಒಂದು ಸಂಜೆಯನ್ನು ಹೇಳಬೇಕು. ಹಿರಿಯರ ಗದ್ದೆಯ ಪಾಲಿನಲ್ಲಿ ನನಗೂ ಅಣ್ಣನಿಗೂ ಒಂದು ಬದುವಿನ ಬಗ್ಗೆ ತಕರಾರಿತ್ತು. ನಾನು ಅವನೊಡನೆ ಒಮ್ಮೆಯೂ ಜಗಳವಾಡಿರಲಿಲ್ಲ. ನನ್ನ ಕೈ ಶುದ್ಧವೆಂದೇ ನಂಬಿದ್ದೆ. ಆ ಸಂಜೆ ಈ ಲೆಕ್ಕದ ಒಂದೊಂದೇ ಮನೆಯನ್ನು ನೋಡುತ್ತ ಹೋದೆ. ದಾವೆ ಹೂಡಬೇಕೆಂದು ರಾತ್ರಿ ನಿದ್ದೆಗೆಟ್ಟು ನಿಶ್ಚಯಿಸಿದ್ದು ಮನದ ಸಂರಂಭ. ಪಹಣಿ, ನಕ್ಷೆ, ಹಳೆಯ ಪಾಲುಪಟ್ಟಿಗಳನ್ನು ಹುಡುಕಿ ಒಂದು ಚೀಲಕ್ಕೆ ತುಂಬಿದ್ದು ಕಾಯದ ಸಮಾರಂಭ. ಸೋದರಳಿಯನನ್ನು ಕಳಿಸಿ ಬದುವಿನ ಕಲ್ಲು ಅಳೆಸಿದ್ದು ಮಾಡಿಸಿದ್ದರ ಲೆಕ್ಕಕ್ಕೆ. ನೆಂಟರೊಬ್ಬರು ಅಣ್ಣನನ್ನು ಹಳಿದಾಗ ಏನೂ ಹೇಳದೆ ಸಣ್ಣಗೆ ತಲೆಯಾಡಿಸಿದ್ದು ಅನುಮೋದನೆ. ಕಷಾಯ ಯಾವುದೆಂದು ಹುಡುಕಿದಾಗ ಲೋಭವಿರಬಹುದೆಂದುಕೊಂಡಿದ್ದೆ. ಆ ಬದುವಿನಿಂದ ಬರುತ್ತಿದ್ದುದು ಎರಡು ಸೇರು ಭತ್ತವೂ ಅಲ್ಲ. ಕಂಡದ್ದು ಮಾನ. ಚಿಕ್ಕವನೆಂದು ಅವನು ನನ್ನನ್ನು ಕೇಳದೆ ಕಲ್ಲು ಸರಿಸಿದ ಎಂಬುದಷ್ಟೇ ಒಳಗೆ ಮುಳ್ಳಾಗಿ ಕುಳಿತಿತ್ತು. ಬಾಹುಬಲಿಯೂ ಅಣ್ಣನೊಡನೆ ನೆಲಕ್ಕಾಗಿ ಹೋರಾಡಿ, ಗೆದ್ದು, ಬಿಟ್ಟು, ವರ್ಷವಿಡೀ ನಿಂತ ಮೇಲೂ ಅಣ್ಣನ ಕುರಿತ ಒಂದು ಸಣ್ಣ ಶಲ್ಯ, ಅಂದರೆ ಮುಳ್ಳು, ಒಳಗೆ ಉಳಿದಿತ್ತೆಂದೂ, ಭರತನೇ ಬಂದು ವಂದಿಸಿದಾಗ ಅದು ಕಳಚಿ ಕೇವಲಜ್ಞಾನ, ಅಂದರೆ ಪೂರ್ಣವಾದ ಅರಿವು, ಆಯಿತೆಂದೂ ಕೇಳುತ್ತ ಬೆಳೆದವನು ನಾನು. ಕಥೆ ಗೊತ್ತಿತ್ತು, ಮುಳ್ಳು ಕಂಡದ್ದು ಆ ಸಂಜೆ.

ನೀವೂ ಹೀಗೆ ಮಾಡಿ. ದಿನದ ಎಲ್ಲ ತಪ್ಪುಗಳನ್ನು ಒಟ್ಟಾಗಿ ಕ್ಷಮಿಸು ಎನ್ನುವ ಬದಲು ಒಂದೇ ಒಂದು ಘಟನೆಯನ್ನು ಎತ್ತಿಕೊಂಡು ಅದು ಯಾವ ಘಟ್ಟದವರೆಗೆ ಹೋಯಿತು, ಯಾವ ಬಾಗಿಲಿನಿಂದ ಹೋಯಿತು, ಹಿಂದೆ ಯಾವ ಕಷಾಯವಿತ್ತು ಎಂದು ನೋಡಿ. ಕಂಡ ಮೇಲೆ ‘ಮಿಚ್ಛಾ ಮೇ ದುಕ್ಕಡಂ’, ನನ್ನ ದುಷ್ಕೃತ್ಯ ಮಿಥ್ಯೆಯಾಗಲಿ, ಎಂದು ಹೇಳಿಕೊಳ್ಳಿ. ತನ್ನನ್ನು ಹಳಿದುಕೊಂಡು ಅಳುತ್ತ ಕೂರುವುದು ಪ್ರತಿಕ್ರಮಣವಲ್ಲ, ಅದು ಇನ್ನೊಂದು ಬಗೆಯ ಮಾನ. ನಂತರ ನಾಳೆಗೊಂದು ಚಿಕ್ಕ ಪ್ರತ್ಯಾಖ್ಯಾನ, ಅಂದರೆ ಬಿಡುವ ನಿಶ್ಚಯ: ನಾಳೆ ಅಣ್ಣನ ಮಾತು ಬಂದರೆ ತಲೆಯಾಡಿಸುವುದಿಲ್ಲ. ಇಷ್ಟು ಸಣ್ಣದಿದ್ದರೆ ನಡೆಯುತ್ತದೆ.

ಐದನೆಯ ಹೆಜ್ಜೆ: ಭಾವನೆ

ಅನಿತ್ಯ, ಅಶರಣ, ಸಂಸಾರ, ಏಕತ್ವ, ಅನ್ಯತ್ವ, ಅಶುಚಿ, ಆಸ್ರವ, ಸಂವರ, ನಿರ್ಜರಾ, ಲೋಕ, ಬೋಧಿದುರ್ಲಭ, ಧರ್ಮ ಎಂಬ ಹನ್ನೆರಡು ಅನುಪ್ರೇಕ್ಷೆಗಳಲ್ಲಿ, ಅಂದರೆ ಮತ್ತೆ ಮತ್ತೆ ನೆನೆಯಬೇಕಾದ ವಿಷಯಗಳಲ್ಲಿ, ದಿನಕ್ಕೊಂದನ್ನು ಚಿಂತಿಸಬಹುದು. ಹೊಸಬರು ಅನ್ಯತ್ವದಿಂದ, ಅಂದರೆ ದೇಹ ಬೇರೆ, ನಾನು ಬೇರೆ ಎಂಬುದರಿಂದ ಆರಂಭಿಸುವುದು ಒಳ್ಳೆಯದು. ಶಿವಭೂತಿ ಎಂಬ ಮುನಿಗೆ ಶಾಸ್ತ್ರದ ಒಂದು ಸಾಲೂ ಬಾಯಿಗೆ ಬರುತ್ತಿರಲಿಲ್ಲವಂತೆ. ಉಳಿದದ್ದು ‘ತುಷ ಮಾಷ’ ಎಂಬ ಎರಡೇ ಪದ, ಹೊಟ್ಟು ಮತ್ತು ಉದ್ದು. ಒಬ್ಬ ಹೆಂಗಸು ಉದ್ದು ತೊಳೆಯುವುದನ್ನು ಕಂಡು, ಹೊಟ್ಟಿನಿಂದ ಬೇಳೆ ಬೇರೆಯಾಗುವಂತೆ ದೇಹದಿಂದ ಆತ್ಮ ಬೇರೆ ಎಂದು ಆತನಿಗೆ ಹೊಳೆಯಿತು. ಅಷ್ಟರಿಂದಲೇ ಕೇವಲಿಯಾದನೆಂದು ಪರಂಪರೆ ಹೇಳುತ್ತದೆ.

ಇದನ್ನು ಕಲ್ಪಿಸಿಕೊಳ್ಳಬೇಕಾಗಿಲ್ಲ. ಸಿಪ್ಪೆಯಿರುವ ಉದ್ದನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ನೀವೇ ತೊಳೆಯಿರಿ. ಒಣಗಿದ್ದಾಗ ಕಪ್ಪೂ ಬಿಳುಪೂ ಒಂದೇ ಕಾಳು. ನೆನೆದ ಮೇಲೆ ಅಂಗೈಯಲ್ಲಿ ತಿಕ್ಕಿದರೆ ಸಿಪ್ಪೆ ಜಾರಿ ನೀರಿನ ಮೇಲೆ ತೇಲುತ್ತದೆ, ಬೇಳೆ ತಳದಲ್ಲಿ ಕೂರುತ್ತದೆ. ಒಂದೆರಡು ಕಾಳುಗಳಿಗೆ ಮಾತ್ರ ಸಿಪ್ಪೆ ಬಿಗಿಯಾಗಿ ಅಂಟಿಕೊಂಡೇ ಇರುತ್ತದೆ, ಅವನ್ನು ಮತ್ತಷ್ಟು ಹೊತ್ತು ನೀರಿನಲ್ಲಿ ಬಿಡಬೇಕು. ಸಾಮಾಯಿಕದಲ್ಲಿ ಕುಳಿತಾಗ ಈ ನೋಟವನ್ನು ನೆನೆದುಕೊಂಡು, ಕಾಲಿನ ನೋವು ಸಿಪ್ಪೆ, ಅದನ್ನು ಬಲ್ಲದ್ದು ಬೇಳೆ; ಹೊಗಳಿಕೆಯ ಹಿಗ್ಗು ಸಿಪ್ಪೆ, ಅದನ್ನು ಬಲ್ಲದ್ದು ಬೇಳೆ ಎಂದು ಬಿಡಿಸುತ್ತ ಹೋಗಿ.

ಇದರೊಡನೆ ನಾಲ್ಕು ಭಾವಗಳನ್ನೂ ರೂಢಿಸಿಕೊಳ್ಳಬೇಕು: ಎಲ್ಲ ಜೀವಗಳಲ್ಲಿ ಮೈತ್ರಿ, ಗುಣವಂತರಲ್ಲಿ ಪ್ರಮೋದ, ದುಃಖಿಗಳಲ್ಲಿ ಕಾರುಣ್ಯ, ವಿರೋಧಿಗಳಲ್ಲಿ ಮಾಧ್ಯಸ್ಥ್ಯ, ಅಂದರೆ ತಟಸ್ಥಭಾವ. ಪ್ರಮೋದವೇ ನಾಲ್ಕರಲ್ಲಿ ಕಷ್ಟದ್ದು. ಅಳುವವರೊಡನೆ ಅಳುವುದು ಬರುತ್ತದೆ. ತನಗಿಂತ ಮೇಲಾದವರನ್ನು ಕಂಡು ನಿಜವಾಗಿ ಸಂತೋಷಪಡುವುದು ಅಷ್ಟು ಬೇಗ ಬರುವುದಿಲ್ಲ.

ಆರನೆಯ ಹೆಜ್ಜೆ: ಧ್ಯಾನ, ಮತ್ತು ಓಡಿಹೋಗುವ ಮನಸ್ಸು

ಉಳಿದ ಹೊತ್ತಿನಲ್ಲಿ ಮಂತ್ರವನ್ನೋ, ಜಿನಬಿಂಬವನ್ನೋ, ಬರಿಯ ಅರಿವನ್ನೋ ಆಶ್ರಯಿಸಿ ಸುಮ್ಮನಿರಿ. ಮನಸ್ಸು ಓಡುತ್ತದೆ. ಓಡಿದ್ದಕ್ಕೆ ಸಿಟ್ಟಾಗದೆ, ಅದು ಎಲ್ಲಿಗೆ ಓಡಿತೆಂದು ಹೆಸರಿಡಿ. ಪ್ರಿಯವಾದದ್ದು ದೂರವಾಯಿತಲ್ಲ, ಅಪ್ರಿಯವಾದದ್ದು ಗಂಟುಬಿತ್ತಲ್ಲ, ಮೈಗೆ ನೋವಲ್ಲ, ಮುಂದೆ ನನಗೆ ಇಂಥದ್ದು ಸಿಗಲಿ ಎಂಬ ನಾಲ್ಕೂ ಆರ್ತಧ್ಯಾನ. ಹಿಂಸೆ, ಸುಳ್ಳು, ಕಳವು, ಕೂಡಿಟ್ಟದ್ದರ ಕಾವಲು ಇವುಗಳಲ್ಲಿ ಸಂತೋಷಪಟ್ಟು ಮುಳುಗುವುದು ರೌದ್ರಧ್ಯಾನ. ಅಂದರೆ ನಮಗೆ ಧ್ಯಾನ ಬರುವುದಿಲ್ಲವೆಂಬುದು ಸುಳ್ಳು. ದಿನವಿಡೀ ಏಕಾಗ್ರತೆಯಿಂದ ಧ್ಯಾನಿಸುತ್ತಲೇ ಇದ್ದೇವೆ, ವಿಷಯ ಮಾತ್ರ ಬೇರೆ. ‘ಇದು ಆರ್ತ’ ಎಂದು ಗುರುತಿಸಿದ ಕ್ಷಣದಲ್ಲಿ ಗುರುತಿಸಿದವನು ಅದರಿಂದ ಹೊರಗಿದ್ದಾನೆ. ಅಲ್ಲಿಂದಲೇ ಮಂತ್ರಕ್ಕೆ ಮರಳಿ. ಒಮ್ಮೆ ಕುಳಿತಾಗ ನೂರು ಬಾರಿ ಮರಳಬೇಕಾದರೂ ಅದು ವ್ಯರ್ಥವಾದ ಸಾಮಾಯಿಕವಲ್ಲ.

ಏಳುವಾಗ, ಎದ್ದ ಮೇಲೆ

ಅವಧಿ ಮುಗಿದ ಮೇಲೆ ಇನ್ನೊಂದು ಕಾಯೋತ್ಸರ್ಗ ಮಾಡಿ, ಎಲ್ಲ ಜೀವಗಳನ್ನು ಕ್ಷಮಿಸಿದ್ದೇನೆ, ಎಲ್ಲ ಜೀವಗಳೂ ನನ್ನನ್ನು ಕ್ಷಮಿಸಲಿ, ಯಾರೊಡನೆಯೂ ನನಗೆ ವೈರವಿಲ್ಲ ಎಂದು ನೆನೆದು ವಂದಿಸಿ ಏಳಬೇಕು. ಸಂಕಲ್ಪಿಸಿದ ಹೊತ್ತಿಗಿಂತ ಮೊದಲು ಏಳಬಾರದು. ಮನ, ವಚನ, ಕಾಯಗಳನ್ನು ಹರಿಯಬಿಡುವ ಮೂರು, ಆದರವಿಲ್ಲದೆ ಮಾಡುವುದೊಂದು, ಮಾಡಬೇಕೆಂಬುದನ್ನೇ ಮರೆಯುವುದೊಂದು, ಹೀಗೆ ಸಾಮಾಯಿಕಕ್ಕೆ ಐದು ಅತಿಚಾರಗಳು, ಅಂದರೆ ದೋಷಗಳು. ತಿಂಗಳಿಗೊಮ್ಮೆ ಈ ಐದನ್ನು ನೆನೆದು ನೋಡಿಕೊಂಡರೆ ಸಾಕು. ಪೂರ್ತಿ 48 ನಿಮಿಷ ಕೂರಲು ಇನ್ನೂ ಆಗದವರು ಮೊದಲ ವಾರ ಒಂದು ಕಾಯೋತ್ಸರ್ಗ ಮತ್ತು ಪ್ರತಿಕ್ರಮಣ ಇಷ್ಟನ್ನೇ ಮಾಡಲಿ, ವಾರಕ್ಕೊಂದು ಹೆಜ್ಜೆ ಸೇರಿಸಿಕೊಳ್ಳಲಿ.

ಎದ್ದ ಕೂಡಲೇ ಮೊಬೈಲಿನತ್ತ ಹೋಗದೆ, ಬಾಯಿಂದ ಬರುವ ಮೊದಲ ಮಾತನ್ನು ಗಮನಿಸಿ. ನನಗೆ ಎಂಟೋ ಒಂಬತ್ತೋ ವರ್ಷವಾಗಿದ್ದಾಗ, ಅಜ್ಜಿ ಸಂಜೆಯ ಸಾಮಾಯಿಕಕ್ಕೆ ಕುಳಿತಿದ್ದ ಹೊತ್ತಿನಲ್ಲಿ, ವರ್ಷಕ್ಕಾಗುವಷ್ಟು ಮಾವಿನ ಮಿಡಿ ತುಂಬಿದ್ದ ಭರಣಿಯನ್ನು ನಾಗಂದಿಗೆಯಿಂದ ಕೆಡವಿದೆ. ಒಡೆದ ಸದ್ದು ಅವಳಿಗೆ ಕೇಳಿಸದಿರಲು ಸಾಧ್ಯವಿರಲಿಲ್ಲ. ಅವಳು ಕುಳಿತದ್ದು ಪಕ್ಕದ ಕೋಣೆಯಲ್ಲೇ. ನಾನು ಚೂರುಗಳ ನಡುವೆ ಅಲುಗಾಡದೆ ನಿಂತೇ ಇದ್ದೆ, ಉಪ್ಪುನೀರು ನೆಲದ ಮೇಲೆ ಹರಿದು ಹೊಸಿಲು ದಾಟಿತು. ತುಂಬ ಹೊತ್ತಿನ ಮೇಲೆ ಅವಳು ಚಾಪೆ ಸುತ್ತಿ, ದೀಪ ಹಿಡಿದು ಬಂದಳು. ದೀಪವನ್ನು ಕೆಳಗಿಟ್ಟು, ನನ್ನ ಒಂದೊಂದೇ ಪಾದವನ್ನು ಎತ್ತಿ ಅಂಗಾಲನ್ನು ಬೆಳಕಿಗೆ ಹಿಡಿದು ನೋಡಿ, ‘ಎಲ್ಲಿಯೂ ತಾಗಲಿಲ್ಲವಲ್ಲ?’ ಎಂದಳು.